ಕೂಟಲೇಖಕ್ಕೆ ಸಂಸ್ಕೃತಿಯ ನೆಪವೇ?

ಅಧಿಕಾರಕ್ಕೆ ತಲೆಬಾಗುವ ಗುಣವನ್ನು ದೇಶದೇಶಗಳಲ್ಲಿ ಅಳೆದ ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಭಾರತಕ್ಕೆ 77, ಅಮೆರಿಕಕ್ಕೆ 40 ಅಂಕ ಕೊಟ್ಟರು. ಯಜಮಾನನ ಮಾತು ಮೀರಲಾರದ ನಮ್ಮ ಲೆಕ್ಕಿಗನನ್ನು ದೂರಿ ಫಲವಿಲ್ಲವೆನ್ನುವವರಿಗೆ ಇದೇ ಆಧಾರ. ನಾನು ಒಪ್ಪಲಾರೆ. 2009ರಲ್ಲಿ ಬಯಲಾದ ಸತ್ಯಂ ಹಗರಣದಲ್ಲಿ, ಇಲ್ಲದ 5,040 ಕೋಟಿ ರೂಪಾಯಿ ಶಿಲ್ಕು ಲೆಕ್ಕದಲ್ಲಿತ್ತು. ಪರಿಶೋಧಕರು ಬ್ಯಾಂಕುಗಳಿಂದಲೇ ಸರಿಯಾಗಿ ಖಚಿತಪಡಿಸಿಕೊಳ್ಳಲಿಲ್ಲ. ಆದರೆ 2001ರಲ್ಲಿ ಎನ್ರಾನ್ ಕುಸಿದದ್ದು ಆ 40 ಅಂಕದ ಅಮೆರಿಕದಲ್ಲೇ ಅಲ್ಲವೇ!

ಇಷ್ಟಕ್ಕೂ ನಮ್ಮ ಸಂಸ್ಕೃತಿ ಯಾವುದು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಪತ್ರ ಬರೆಯುವುದನ್ನು, ಸತ್ಯಾಣುವ್ರತದ ಅತಿಚಾರವೆಂದು ಹೆಸರಿಸಿದೆ. ಸುಳ್ಳು ಖಾತೆ ಅದಕ್ಕಿಂತ ಬೇರೆಯೇ?

ರಾಜಾಜಿನಗರದ ನನ್ನ ಅಂಗಡಿಯಲ್ಲಿ ಒಂದು ಮಾರ್ಚ್ ಕೊನೆಗೆ ಗುಮಾಸ್ತನು, “ಯಜಮಾನರೇ, ಈ ಬಿಲ್ಲು ನಾನು ಬರೆಯಲಾರೆ” ಎಂದನು. ನನಗೆ ಸಿಟ್ಟು ಬಂದಿತು. ತಪ್ಪು ನನ್ನದೇ ಆಗಿತ್ತು. ನಮ್ಮ ಬಸದಿ ಟ್ರಸ್ಟುಗಳ ಲೆಕ್ಕ ಬರೆಯುವವನು ಅಧ್ಯಕ್ಷರೆದುರು ಹಾಗೆನ್ನಬಲ್ಲನೇ?