ಅಂಗಡಿಯವರು ಹಿಂದಿ ಕಲಿತರು, ಬಂದವರು ಕನ್ನಡ ಯಾಕೆ ಕಲಿಯಲಿಲ್ಲ?

ನರಸಾಪುರ ಕೈಗಾರಿಕಾ ಪ್ರದೇಶದ ಆಸುಪಾಸಿನ ಯಾವುದಾದರೂ ಕಿರಾಣಿ ಅಂಗಡಿ ಮುಂದೆ, ಶಿಫ್ಟ್ ಬಿಡುವ ಹೊತ್ತಿಗೆ ಹತ್ತು ನಿಮಿಷ ನಿಂತು ನೋಡಿ. ಹುಡುಗರು ಕೇಳೋದು ಹಿಂದಿಯಲ್ಲಿ. ನಮ್ಮ ಅಂಗಡಿಯವರು ಲೆಕ್ಕ ಹೇಳೋದೂ ಹಿಂದಿಯಲ್ಲೇ. ಕಡಲೆಕಾಯಿ ಎಣ್ಣೆ ಪಕ್ಕದಲ್ಲಿ ಸಾಸಿವೆ ಎಣ್ಣೆ ಬಾಟಲಿ ಬಂದು ಕೂತಿದೆ. ವ್ಯಾಪಾರ ಅಂದಮೇಲೆ ಇದು ಸಹಜ, ಇದರಲ್ಲಿ ಅಂಗಡಿಯವರ ತಪ್ಪೇನೂ ಇಲ್ಲ. ಆದರೆ ನಮ್ಮ ಜಿಲ್ಲೆಗೆ ಬಂದವರೆಲ್ಲ ಹಿಂದೆ ಒಂದಲ್ಲ ಒಂದು ರೀತಿಯಲ್ಲಿ ಕನ್ನಡಕ್ಕೆ ಹೊಂದಿಕೊಂಡರು. ಈ ಸಲ ಯಾಕೆ ಆಗ್ತಿಲ್ಲ ಅನ್ನೋ ಪ್ರಶ್ನೆ ಮಾತ್ರ ಉಳಿಯುತ್ತೆ.

ಬೆಂಗಳೂರಿನಲ್ಲಿ ಇದು ಹಳೇ ಜಗಳ. 2023ರ ಡಿಸೆಂಬರ್‌ನಲ್ಲಿ ನಾಮಫಲಕದ ವಿಚಾರಕ್ಕೆ ಬೀದಿಗಿಳಿದು ಹೋರಾಟ ನಡೆಯಿತು. ಮುಂದಿನ ವರ್ಷವೇ ಕಾನೂನು ತಿದ್ದುಪಡಿಯಾಗಿ, ಫಲಕದಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಅಂತ ಆಯಿತು. ಈಗ ಆ ಬೆಂಗಳೂರೇ ಹೊಸಕೋಟೆ ದಾಟಿ ಮಾಲೂರು, ವೇಮಗಲ್, ನರಸಾಪುರದವರೆಗೆ ಬಂದು ನಿಂತಿದೆ. ಕಾರ್ಖಾನೆ ಬಂದ ಕಡೆ ಕಾರ್ಮಿಕರು ಬರ್ತಾರೆ, ಅವರ ಹಿಂದೆ ಜಗಳವೂ ಬರುತ್ತೆ.

ಆದರೆ ಕೋಲಾರದವರಿಗೆ ಹಲವು ಭಾಷೆ ಹೊಸದಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಶಾಲೆ ಕನ್ನಡ, ಜಗಳ ತೆಲುಗು, ಅರ್ಜಿ ಕನ್ನಡ. ಕೋಲಾರ ಪೇಟೆಯಲ್ಲಿ ಉರ್ದು, ಕೆಜಿಎಫ್‌ನಲ್ಲಿ ತಮಿಳು. ನಮ್ಮ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಒಂದು ಬೆಳಿಗ್ಗೆ ಹರಾಜು ಕೇಳಿದರೆ ಸಾಕು, ನಾಲ್ಕು ಭಾಷೆ ಒಂದೇ ಉಸಿರಲ್ಲಿ ಬರುತ್ತೆ. 2023ರ ಜುಲೈನಲ್ಲಿ ಹದಿನೈದು ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿದಾಗ ಉತ್ತರದ ವ್ಯಾಪಾರಿಗಳ ಜೊತೆ ನಮ್ಮ ಮಂಡಿಯವರು ಯಾವ ಭಾಷೆಯಲ್ಲಿ ಮಾತಾಡಿದರು ಅಂತ ಯಾರೂ ಕೇಳಲಿಲ್ಲ, ಬಿಡಿ.

ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನೇ ತೆಗೆದುಕೊಳ್ಳಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. 'ಚಿಕ್ಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ ಬಂದಾಗ ಅವರು ಕನ್ನಡದ ಆಸ್ತಿ ಆಗಿ ದಶಕಗಳೇ ಕಳೆದಿದ್ದವು. ಅವರನ್ನು ಹೊರಗಿನವರು ಅಂತ ಯಾರಾದರೂ ಅಂದಿದ್ದುಂಟೇ?

ಹಳಬರು ಹೇಗೆ ಬೆರೆತರು ಅಂತ ನೋಡಿದರೆ ಉತ್ತರ ಬಹಳ ಸರಳ. ಅವರಿಗೆ ಇಲ್ಲಿ ಜಮೀನಿತ್ತು, ಮಕ್ಕಳು ಇಲ್ಲಿನ ಶಾಲೆಗೆ ಹೋದರು, ಜಾತ್ರೆ ಉರುಸು ಎರಡರಲ್ಲೂ ಅಂಗಡಿ ಹಾಕಿದರು, ಪಹಣಿಗೆ ತಾಲ್ಲೂಕು ಕಚೇರಿ ಅಲೆದರು. ಮುಖ್ಯವಾಗಿ ಓಟು ಇತ್ತು. ಓಟು ಇದ್ದವನ ಮನೆಗೆ ಗ್ರಾಮ ಪಂಚಾಯಿತಿ ಸದಸ್ಯ ಬಂದೇ ಬರ್ತಾನೆ, ಬಂದು ಮಾತಾಡ್ತಾನೆ. ಭಾಷೆ ಹತ್ತೋದು ಹೀಗೆ. ಬೋರ್ಡ್ ನೋಡಿ ಯಾರೂ ಮಾತು ಕಲಿತಿಲ್ಲ. ಕನ್ನಡ ಬೋರ್ಡ್ ಇರಲೇಬೇಕು, ಅದು ಈ ನೆಲದ ಹಕ್ಕು. ಆದರೆ ಬೋರ್ಡ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಿತು ಅಂದುಕೊಂಡರೆ ಮೋಸ ಹೋಗ್ತೀವಿ.

ಈಗ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂನಿಂದ ಬರುವ ಹುಡುಗನಿಗೆ ಇದರಲ್ಲಿ ಯಾವುದೂ ಇಲ್ಲ. ಕಂಟ್ರಾಕ್ಟರ್ ಕರೆತರ್ತಾನೆ, ಶೆಡ್ಡಿನಲ್ಲೋ ಒಂದು ರೂಮಿನಲ್ಲೋ ಆರೆಂಟು ಜನರನ್ನು ಇಡ್ತಾನೆ. ಬಾಡಿಗೆ ಮನೆಗೆ ಅಲ್ಲ, ತಲೆಗೆ. ಹನ್ನೆರಡು ಗಂಟೆ ದುಡಿದು ಬಂದವನು ಅನ್ನ ಬೇಯಿಸಿ ಮಲಗ್ತಾನೆ. ಮೇಸ್ತ್ರಿಯೂ ಅವನ ಕಡೆಯವನೇ. ಆರು ತಿಂಗಳಿಗೆ ಒಪ್ಪಂದ ಮುಗಿದರೆ ಹೊಸೂರಿಗೋ ಶ್ರೀಪೆರಂಬದೂರಿಗೋ ಹೋಗ್ತಾನೆ. ಇಂಥವನಿಗೆ ಕನ್ನಡ ಬೇಕಾಗೋ ಸಂದರ್ಭ ಯಾವುದು ಅಂತ ನಾವೇ ಒಮ್ಮೆ ಯೋಚಿಸಬೇಕು. ಅವನು ಹಟಕ್ಕೆ ಕಲಿಯದೇ ಇಲ್ಲ. ಕಲಿಯುವ ಜಾಗವೇ ಅವನಿಗೆ ಸಿಕ್ಕಿಲ್ಲ.

ಈ ತಪ್ಪನ್ನು ನಮಗಿಂತ ಮೊದಲು ಮಾಡಿದ ದೇಶವೊಂದಿದೆ. ಜರ್ಮನಿ 1961ರಲ್ಲಿ ತುರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಜನ ಕರೆಸಿತು. ಹೆಸರಿಟ್ಟಿದ್ದು 'ಅತಿಥಿ ಕಾರ್ಮಿಕರು' ಅಂತ. ಹೇಗಿದ್ದರೂ ವಾಪಸ್ ಹೋಗೋರು, ಭಾಷೆ ಯಾಕೆ ಕಲಿಸಬೇಕು ಅನ್ನೋದು ಲೆಕ್ಕ. ಲಕ್ಷಾಂತರ ಜನ ಅಲ್ಲೇ ಉಳಿದರು, ಮಕ್ಕಳಾದವು, ಮಕ್ಕಳು ಶಾಲೆಯಲ್ಲಿ ಹಿಂದೆ ಬಿದ್ದವು. ವಲಸಿಗರಿಗೆ ಭಾಷಾ ತರಗತಿಯನ್ನು ದೇಶದ ಕಾನೂನಾಗಿ ತಂದಿದ್ದು 2005ರಲ್ಲಿ! ನಲವತ್ತು ವರ್ಷ ತಡ. ನರಸಾಪುರದಲ್ಲಿ ನಾವು ಈಗ ಹಾಕ್ತಿರೋ ಲೆಕ್ಕವೂ ಅದೇ: ಹೇಗಿದ್ದರೂ ಹೋಗೋರು.

ಹೋದಾಗ ಏನಾಯಿತು ಅಂತ ಮಾಲೂರಿನವರಿಗೆ ನೆನಪಿರಬೇಕು. 2020ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಮಾಲೂರು ರೈಲು ನಿಲ್ದಾಣದಿಂದ ಶ್ರಮಿಕ್ ರೈಲುಗಳು ಹೊರಟವು. ನಡುವೆ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ನಡೆಸಿ, ರೈಲು ಬೇಡ ಅಂತ ಹೇಳಿ, ಟೀಕೆ ಬಂದ ಮೇಲೆ ಮತ್ತೆ ಒಪ್ಪಿಕೊಂಡಿತು. ಕೆಲಸಕ್ಕೆ ಅವರು ಬೇಕು, ಮನುಷ್ಯರಾಗಿ ಲೆಕ್ಕಕ್ಕೆ ಬೇಡ ಅನ್ನೋದು ಆ ಮೂರು ನಾಲ್ಕು ದಿನದಲ್ಲಿ ಬಯಲಾಯಿತು. ಇಂಥವರ ವಸತಿ, ಪ್ರಯಾಣ ಭತ್ಯೆಗೆಂದೇ 1979ರಲ್ಲೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿತ್ತು. ಕಾಗದದಲ್ಲಿ.

ಇನ್ನು ನಮ್ಮ ಹುಡುಗರ ದೂರು. "ನಮ್ಮ ಜಮೀನು ಹೋಯ್ತು, ಕೆಲಸ ಅವರಿಗೆ ಸಿಕ್ತು" ಅನ್ನೋ ಮಾತು ಸುಳ್ಳಲ್ಲ, ಅದನ್ನು ತಳ್ಳಿಹಾಕಬಾರದು. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯರ ಉದ್ಯೋಗ ಮಸೂದೆ ಒಪ್ಪಿತು: ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದ ಹುದ್ದೆಗಳಲ್ಲಿ ಶೇ. 70. ಉದ್ಯಮಿಗಳು ಗದ್ದಲ ಮಾಡಿದ ಮೇಲೆ ಎರಡೇ ದಿನದಲ್ಲಿ ತಡೆಹಿಡಿಯಿತು. ಕರ್ನಾಟಕದಲ್ಲಿ ಹುಟ್ಟಿ, ಹದಿನೈದು ವರ್ಷ ಇಲ್ಲಿ ನೆಲೆಸಿ, ಕನ್ನಡ ಮಾತಾಡಿ, ಓದಿ, ಬರೆಯಬಲ್ಲವರನ್ನು ಆ ಮಸೂದೆ ಸ್ಥಳೀಯರ ಲೆಕ್ಕಕ್ಕೆ ಸೇರಿಸಿತ್ತು. ಅಂದರೆ ಸ್ಥಳೀಯರ ಲೆಕ್ಕಕ್ಕೂ ಒಂದು ಕನ್ನಡದ ಬಾಗಿಲು ಇತ್ತು. ಹೊರಗಿಂದ ಬಂದವರು ಕನ್ನಡದವರೆಗೆ ನಡೆದು ಬರೋದಕ್ಕೆ ದಾರಿ ಯಾರು ಮಾಡಬೇಕಿತ್ತು ಅನ್ನೋದನ್ನು ಮಾತ್ರ ಯಾರೂ ಚರ್ಚೆ ಮಾಡಲಿಲ್ಲ.

ಅದೂ ಅಲ್ಲದೆ, ನಮ್ಮ ಹುಡುಗರ ಕಷ್ಟದ ಮೂಲ ಬಿಹಾರದ ಹುಡುಗನಲ್ಲ. 2020ರ ಡಿಸೆಂಬರ್ 12ರ ಬೆಳಗಿನ ಜಾವ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ಗಾಜು ಪುಡಿಯಾಗಿದ್ದು ಭಾಷೆಗಾಗಿ ಅಲ್ಲ, ಸಂಬಳಕ್ಕಾಗಿ. ಅಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ನೌಕರರು. ಸಂಬಳ, ಹಾಜರಾತಿ ಲೆಕ್ಕದಲ್ಲಿ ಲೋಪ ಇದ್ದದ್ದು ಆಮೇಲಿನ ತನಿಖೆಯಲ್ಲಿ ಹೊರಬಂತು. ಘಟಕವನ್ನು ಟಾಟಾ ಕೊಳ್ಳುವ ತೀರ್ಮಾನ 2023ರಲ್ಲಿ ಪ್ರಕಟವಾಯಿತು, ಹೆಸರು ಬದಲಾಯಿತು. ಗುತ್ತಿಗೆ ಪದ್ಧತಿ ಮಾತ್ರ ಇಡೀ ಕೈಗಾರಿಕಾ ಪ್ರದೇಶದಲ್ಲಿ ಹಾಗೇ ಇದೆ. ಮುಳಬಾಗಿಲಿನ ಡಿಪ್ಲೊಮಾ ಹುಡುಗಿಯನ್ನೂ ಒಡಿಶಾದ ಹುಡುಗನನ್ನೂ ಅದೇ ಏಜೆನ್ಸಿ ಅದೇ ಆರು ತಿಂಗಳಿಗೆ ತಗೊಳ್ಳುತ್ತೆ. ಇಬ್ಬರೂ ಒಬ್ಬರನ್ನೊಬ್ಬರು ದೂರಿಕೊಂಡರೆ ಲಾಭ ಯಾರಿಗೆ ಅನ್ನೋದು ಕಷ್ಟದ ಲೆಕ್ಕವಲ್ಲ.

ಹಾಗಾದರೆ ಏನು ಮಾಡೋದು? ದೊಡ್ಡ ಯೋಜನೆ ಬೇಕಿಲ್ಲ. ಮೊದಲು ಮಕ್ಕಳು. ಮಾಲೂರು ಕಡೆಯ ಇಟ್ಟಿಗೆ ಗೂಡುಗಳಲ್ಲಿ ಕುಟುಂಬ ಸಮೇತ ಬಂದವರ ಮಕ್ಕಳು ಶಾಲೆಯ ಹೊರಗೆ ಉಳಿಯಬಾರದು. ವಯಸ್ಸಿನ ದಾಖಲೆ ಇಲ್ಲ ಅನ್ನೋ ಕಾರಣಕ್ಕೆ ಪ್ರವೇಶ ನಿರಾಕರಿಸುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತೆ. ನಲಿ-ಕಲಿಯಲ್ಲಿ ಕೂತ ಮಗು ಒಂದು ವರ್ಷದಲ್ಲಿ ಅಪ್ಪನಿಗೆ ದುಭಾಷಿ ಆಗಿಬಿಡುತ್ತೆ. ಮಕ್ಕಳ ಸಂಖ್ಯೆ ಕಡಿಮೆಯಾಗಿ ಮುಚ್ಚುವ ಭಯದಲ್ಲಿರೋ ನಮ್ಮ ಸರ್ಕಾರಿ ಶಾಲೆಗಳಿಗೂ ಇದರಿಂದ ಉಪಕಾರವೇ.

ಎರಡನೆಯದು ಕಾರ್ಖಾನೆಗಳದ್ದು. ಸೇಫ್ಟಿ ಟ್ರೈನಿಂಗ್‌ಗೆ ಸಮಯ ಇದ್ದರೆ, ವಾರಕ್ಕೆ ಒಂದು ಗಂಟೆ ಸಂಬಳ ಸಹಿತ ಕನ್ನಡ ಪಾಠಕ್ಕೂ ಸಮಯ ಇರಬೇಕು. ಜಾಗ, ನೀರು, ಕರೆಂಟು ಕೊಟ್ಟ ಜಿಲ್ಲೆ ಇಷ್ಟು ಕೇಳಿದರೆ ತಪ್ಪಿಲ್ಲ. ಮನೆ ಮಾಲೀಕರಿಗೂ ಒಂದು ಮಾತು: ರೂಮಿಗೆ ಎಂಟು ಜನ ತುಂಬಿ, ಅಕ್ಕಪಕ್ಕದವರು ಗಲಾಟೆ ಅಂದಾಗ "ಅವರು ಹೊರಗಿನೋರು" ಅಂತ ಕೈತೊಳೆದುಕೊಳ್ಳೋದು ನಿಲ್ಲಬೇಕು. ಒಂದು ಬಾಡಿಗೆ ಕರಾರು ಪತ್ರ, ಒಂದು ಶೌಚಾಲಯ ಹೆಚ್ಚಿಗೆ ಕೊಟ್ಟರೆ ಅರ್ಧ ಗಲಾಟೆ ಇರಲ್ಲ.

ಅಂಗಡಿಯವರ ಪಾಲೂ ಇದೆ, ಅದೂ ಖರ್ಚಿಲ್ಲದ್ದು. ಸಾಲದ ಪುಸ್ತಕದಲ್ಲಿ ಹೆಸರು ಬರೆಸುವಷ್ಟು ನಂಬಿಕೆ ಇರೋ ಗಿರಾಕಿಗೆ ಲೆಕ್ಕವನ್ನು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಬೇಕಾದರೆ ಹಿಂದಿಯಲ್ಲಿ. ಇಪ್ಪತ್ತು, ನಲವತ್ತು, ಚಿಲ್ಲರೆ ಇಲ್ಲ, ನಾಳೆ ಬನ್ನಿ. ದಿನಾ ಕೇಳೋ ಹುಡುಗನಿಗೆ ಇಷ್ಟು ಮಾತು ಬರೋದಕ್ಕೆ ಎಷ್ಟು ದಿನ ಬೇಕು? ಕೋಲಾರದ ಮಂಡಿಗೆ ಬರುವ ಆಂಧ್ರದ ಲಾರಿ ಡ್ರೈವರ್‌ಗಳು ಕನ್ನಡ ಕಲಿತದ್ದೂ ಇಂಥದ್ದೇ ಲೆಕ್ಕ ಕೇಳಿ ಕೇಳಿ.