ಮೊಳೆ ತೂತಿಗೆ ಇಡೀ ಗೋಡೆಗೆ ಬಣ್ಣವೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಬಣ್ಣದ ಲೆಕ್ಕಕ್ಕೆಂದು ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿ. ಹಾಲ್‌ನ ಗೋಡೆಗೆ ಟೆಕ್ಸ್ಚರ್ ಮಾಡಿಸಿದ್ದರಂತೂ ಸೋಫಾ ತಾಗಿ ಎದ್ದ ಚಕ್ಕೆ, ಮೊಳೆ ಕಿತ್ತ ತೂತು ಕೂಡ ಜಗಳಕ್ಕೆ ಸಾಕು. ‘ತೇಪೆ ಎದ್ದು ಕಾಣುತ್ತೆ, ಪೂರ್ತಿ ಗೋಡೆ ಹೊಡೆಸಬೇಕು’ ಎಂಬುದು ಪೇಂಟರ್‌ನ ಸಿದ್ಧ ಉತ್ತರ.

ಇದು ಅರ್ಧಸತ್ಯ.

ತೇಪೆ ಎದ್ದು ಕಾಣದಿರಲು ಸಡಿಲ ಚಕ್ಕೆಯನ್ನು ಕೆರೆದು, ದೂಳು ಒರೆಸಿ ಪುಟ್ಟಿ ತುಂಬಬೇಕು. ಒಮ್ಮೆಗೇ ದಪ್ಪವಾಗಿ ಮೆತ್ತಿದರೆ ಒಣಗುವಾಗ ಬಿರುಕು ಬಿಡುತ್ತದೆ. ಆಳವಿದ್ದರೆ ತೆಳುವಾಗಿ ಎರಡು ಸಲ ಹಚ್ಚುವುದೇ ಸರಿ. ಮೇಲಿನ ಪದರ ಹಸಿಯಿರುವಾಗಲೇ ಸ್ಪಂಜು ಒತ್ತಿ ಸುತ್ತಲಿನ ಉಬ್ಬುತಗ್ಗನ್ನು ಮೂಡಿಸಬೇಕು. ಎಮರಿ ಪೇಪರ್ ಜೋರಾಗಿ ಉಜ್ಜಿದರೆ ವಿನ್ಯಾಸವೇ ಅಳಿಸಿಹೋಗುತ್ತದೆ. ಒಣಗಿದ ಮೇಲೆ ಪ್ರೈಮರ್, ಆಮೇಲೆ ಬಣ್ಣ. ಪ್ರೈಮರ್ ಬಿಟ್ಟರೆ ಪುಟ್ಟಿ ಬಣ್ಣ ಹೀರಿಕೊಂಡು ಆ ಜಾಗ ಮಂಕಾಗುತ್ತದೆ. ತೇಪೆ ಎದ್ದು ಕಾಣುವುದು ಬಹಳ ಸಲ ಇದರಿಂದಲೇ.

ಮೆಟಾಲಿಕ್ ಹೊಳಪಿನ ಗೋಡೆಯಲ್ಲಿ ಮಾತ್ರ ಪೇಂಟರ್ ಹೇಳುವುದು ನಿಜ, ಹೊಂದಿಸುವುದು ಕಷ್ಟ. ಒಳಗೆ ನೀರು ಜಿನುಗುತ್ತಿದ್ದರೆ ಅದನ್ನು ನಿಲ್ಲಿಸದೆ ಯಾವ ತೇಪೆಯೂ ಬಾಳದು.

ಟೆಕ್ಸ್ಚರ್ ಮಾಡಿಸುವ ಮಾಲೀಕರು ಅರ್ಧ ಲೀಟರ್ ಬಣ್ಣ ಉಳಿಸಿಕೊಂಡು, ಶೇಡ್ ಸಂಖ್ಯೆ ಮತ್ತು ಬಳಸಿದ ರೋಲರ್ ಯಾವುದೆಂದು ಡಬ್ಬದ ಮೇಲೆ ಬರೆದಿಡಲಿ. ಬಾಡಿಗೆದಾರರ ಹಣವೂ ಉಳಿಯುತ್ತದೆ, ಜಗಳವೂ ತಪ್ಪುತ್ತದೆ.