‘ನೋಡೋಣ’ ಅನ್ನೋದಕ್ಕೊಂದು ತಾರೀಖು ಇರ್ಲಿ

ಭಾನುವಾರ ಬೆಳಿಗ್ಗೆ ಗುಂಡನಿಗೆ ಸ್ನಾನ ಮಾಡಿಸೋದು ಅಂದ್ರೆ ನಮ್ಮನೇಲಿ ಒಂದು ಸಣ್ಣ ಜಾತ್ರೆ. ನಾನು ಹಿಡ್ಕೊಳ್ಳೋದು, ಮಗಳು ಶಾಂಪೂ ಹಚ್ಚೋದು, ನನ್ನ ಹೆಂಡತಿ ಟವೆಲ್ ಹಿಡ್ಕೊಂಡು ದೂರದಲ್ಲಿ ನಿಂತು ಇಬ್ಬರಿಗೂ ಬೈಯೋದು. ಗುಂಡ ಎಂಟು ಕೇಜಿ ತೂಕದ ಪಗ್. ಸಾಗರದಲ್ಲಿರೋ ನಮ್ಮಮ್ಮನಿಗೆ ಅವನು ಇವತ್ತಿಗೂ ‘ಹಚ್ ನಾಯಿ’. ಆ ಹಚ್ ಹೋಗಿ ವೊಡಾಫೋನ್ ಆಗಿ, ಅದೂ ಇನ್ನೊಂದು ಕಂಪನಿ ಜೊತೆ ಸೇರಿ ಹೆಸರು ಬದಲಾಯಿಸಿಕೊಂಡಿದ್ದಾಯ್ತು, ಅಮ್ಮನ ಬಾಯಲ್ಲಿ ಮಾತ್ರ ನಾಯಿಯ ಕಂಪನಿ ಬದಲಾಗಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಹೀಗೇ ಸ್ನಾನ ಮಾಡಿಸೋವಾಗ ಅವನ ಪಕ್ಕೆಲುಬಿನ ಹತ್ರ ಕೈಗೆ ಏನೋ ಸಿಕ್ತು. ಮೆತ್ತಗೆ, ನಿಂಬೆಹಣ್ಣಿನಷ್ಟು ದಪ್ಪ, ಒತ್ತಿದ್ರೆ ಚರ್ಮದಡಿಯಲ್ಲಿ ಜಾರೋ ಗಂಟು. ಎದೆ ಧಸಕ್ ಅಂತು. ಮಗಳು ಅಷ್ಟರಲ್ಲಿ, ‘ಅಪ್ಪಾ, ಇಲ್ಲೂ ಒಂದಿದೆ’ ಅಂತ ಹಿಂಗಾಲಿನ ತೊಡೆ ತೋರಿಸಿದ್ಲು. ಅದು ಸೊಳ್ಳೆ ಕಚ್ಚಿದ ಗುಳ್ಳೆ ಥರ, ಬಟಾಣಿಗಿಂತ ಚಿಕ್ಕದು, ಸ್ವಲ್ಪ ಕೆಂಪು. ‘ಅದೇನಿಲ್ಲ ಬಿಡಮ್ಮಾ’ ಅಂದೆ. ನನ್ನ ಕಣ್ಣೆಲ್ಲಾ ಆ ನಿಂಬೆಹಣ್ಣಿನ ಮೇಲೇ ಇತ್ತು.

ಆಮೇಲೆ ಶುರುವಾಯ್ತು ನೋಡಿ ನಮ್ಮನೆ ಡಾಕ್ಟರುಗಳ ಸಭೆ. ನನ್ನಾಕೆ ‘ಕೊಬ್ಬಿನ ಗಂಟು ಕಣ್ರೀ, ನಿಮ್ಮ ಮಾವನಿಗೂ ಬೆನ್ನ ಮೇಲಿತ್ತಲ್ಲಾ’ ಅಂದ್ಲು. ಪಕ್ಕದ ಮನೆಯವರು ಉಣ್ಣೆ ಕಚ್ಚಿರಬಹುದು ಅಂದ್ರು. ಫೋನಿನಲ್ಲಿ ಅಮ್ಮ, ‘ಸುಣ್ಣ ಬೆಲ್ಲ ಕಲಸಿ ಹಚ್ಚೋ, ಎರಡು ದಿನಕ್ಕೆ ಒಡೆದು ಹೋಗತ್ತೆ’ ಅಂದ್ಲು. ಇಲ್ಲೇ ಫ್ರೀಮಾಂಟಿನ ಒಂದು ಕ್ಲಿನಿಕ್ಕಿಗೂ ಹೋಗಿ ಬಂದೆವು. ಅಲ್ಲಿದ್ದ ಡಾಕ್ಟರು ದೊಡ್ಡದನ್ನ ಎರಡು ಬೆರಳಲ್ಲಿ ಒತ್ತಿ ‘ಕೊಬ್ಬು’ ಅಂದ್ರು, ಚಿಕ್ಕದನ್ನ ನೋಡಿ ‘ಹುಳ ಕಚ್ಚಿರ್ಬೇಕು’ ಅಂದ್ರು, ನೋಡೋಣ ಅಂತ ಕಳಿಸಿದ್ರು. ನಮಗೂ ಅದೇ ಬೇಕಿತ್ತು. ಕಾರು ಹತ್ತಿದಾಗ ಮೂವರಿಗೂ ಎಷ್ಟು ಹಗುರ ಆಗಿತ್ತು ಅಂದ್ರೆ, ಬರೋ ದಾರೀಲಿ ದೋಸೆ ತಿಂದ್ವಿ.

‘ನೋಡೋಣ’ ಅಂದ್ರೆ ಎಷ್ಟು ದಿನ ನೋಡೋದು, ಏನನ್ನ ನೋಡೋದು ಅಂತ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಈ ಬರಹ ಪೂರ್ತಿ ಆ ಕೇಳದೇ ಬಿಟ್ಟ ಪ್ರಶ್ನೆ ಬಗ್ಗೆ.

*

ಏಪ್ರಿಲ್ ಹೋಯ್ತು, ಮೇ ಹೋಯ್ತು. ನಿಂಬೆಹಣ್ಣು ನಿಂಬೆಹಣ್ಣಾಗೇ ಇತ್ತು. ತೊಡೆ ಮೇಲಿನ ಗುಳ್ಳೆ ಮಾತ್ರ ಒಂದು ವಾರ ಊದೋದು, ಇನ್ನೊಂದು ವಾರ ಇಳಿಯೋದು. ಇಳಿದಾಗೆಲ್ಲ ‘ನೋಡಿದ್ಯಾ, ತಾನಾಗೇ ವಾಸಿ ಆಗ್ತಿದೆ’ ಅಂತ ನಾನು ಹೆಂಡತಿ ಮುಂದೆ ಎದೆಯುಬ್ಬಿಸೋದು. ಒಂದ್ಸಲ ಅಮ್ಮನ ಮಾತು ಪೂರ್ತಿ ತೆಗೆದುಹಾಕೋಕೆ ಮನಸ್ಸಾಗದೆ ಅರಿಶಿನ ಕಲಸಿ ತಿಕ್ಕಿದೆ. ಹತ್ತು ನಿಮಿಷದಲ್ಲಿ ಗುಳ್ಳೆ ಕೆಂಪಗೆ ಊದಿಕೊಳ್ತು. ಅರಿಶಿನ ಒಗ್ಗಲಿಲ್ಲ ಅಂದ್ಕೊಂಡೆ.

ಇನ್ನೊಂದು ಅನುಮಾನವೂ ಇತ್ತು. ಬೇ ಏರಿಯಾದಲ್ಲಿ ನಾಯಿ ಸಾಕಿದವರಿಗೆಲ್ಲ ಫಾಕ್ಸ್‌ಟೇಲ್ ಗೊತ್ತು. ಮಳೆ ನಿಂತು ಗುಡ್ಡಗಳೆಲ್ಲ ಹಳದಿಯಾದಾಗ ಒಣಗುವ ಹುಲ್ಲಿನ ತೆನೆ ಅದು. ನಮ್ಮ ಉತ್ತರಾಣಿ ಪಂಚೆಗೆ ಅಂಟಿಕೊಂಡ ಹಾಗೆ ನಾಯಿಯ ಕೂದಲಿಗೆ ಅಂಟಿಕೊಳ್ಳತ್ತೆ, ಆದ್ರೆ ಅಷ್ಟಕ್ಕೇ ಬಿಡೋದಿಲ್ಲ. ಅದರ ಮುಳ್ಳೆಲ್ಲ ಒಂದೇ ದಿಕ್ಕಿಗೆ ಇರೋದ್ರಿಂದ ಮುಂದಕ್ಕೆ ಮಾತ್ರ ಹೋಗತ್ತೆ, ಹಿಂದಕ್ಕೆ ಬರಲ್ಲ. ಬೆರಳ ಸಂದಿಯಲ್ಲಿ, ಕಿವಿಯಲ್ಲಿ, ಚರ್ಮದ ಒಳಕ್ಕೂ ಹೊಕ್ಕು ಕೀವು ತುಂಬಿದ ಗಂಟಾಗತ್ತೆ. ಒಳಗೆ ಕರಗಿ ಹೋಗೋದಿಲ್ಲ, ಯಾರಾದ್ರೂ ತೆಗೀಲೇಬೇಕು. ಮಿಷನ್ ಪೀಕ್ ಬುಡದಲ್ಲಿ ವಾಕಿಂಗ್ ಹೋಗ್ತೀವಲ್ಲ, ಅದೇ ಇರ್ಬೇಕು ಅಂತ ನನ್ನ ಲೆಕ್ಕ. ಲೆಕ್ಕ ಹಾಕಿದ್ನೇ ಹೊರತು ಯಾರಿಗೂ ತೋರಿಸಲಿಲ್ಲ.

ಜುಲೈನಲ್ಲಿ ಒಂದು ಪಿಕ್ನಿಕ್. ಚಿತ್ರಾನ್ನ, ಮೊಸರನ್ನ, ಕ್ರಿಕೆಟ್ಟು. ಹಳೇ ಗೆಳೆಯರೊಬ್ಬರು ಗುಂಡನನ್ನ ಎತ್ತಿಕೊಂಡು ಮುದ್ದು ಮಾಡೋವಾಗ ಕೈ ತೊಡೆಯ ಹತ್ರ ನಿಂತುಬಿಡ್ತು. ‘ಇದಕ್ಕೆ ಸೂಜಿ ಹಾಕ್ಸಿದ್ರಾ?’ ಅಂದ್ರು. ಇಲ್ಲ ಅಂದೆ. ಅವರು ಏನೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಅವರ ಲ್ಯಾಬ್ರಡಾರ್ ತೀರಿಕೊಂಡಿತ್ತು. ಮನೆಗೆ ಬಂದು ಬೇರೆ ಕ್ಲಿನಿಕ್ಕಿಗೆ ಅಪಾಯಿಂಟ್‌ಮೆಂಟ್ ತಗೊಂಡೆ.

*

ಸೂಜಿ ಹಾಕೋದು ಅಂದ್ರೆ ಏನು ಅಂತ ನನಗೂ ಗೊತ್ತಿರಲಿಲ್ಲ. ಲಸಿಕೆ ಕೊಡೋ ಸೂಜಿಯಷ್ಟೇ ಸಪೂರವಾದದ್ದು. ಗಂಟಿನೊಳಗೆ ಚುಚ್ಚಿ ಒಂದಿಷ್ಟು ಜೀವಕೋಶ ತೆಗೆದು, ಗಾಜಿನ ಸ್ಲೈಡ್ ಮೇಲೆ ಹರಡಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ಸಾಮಾನ್ಯವಾಗಿ ಮಂಪರು ಬರೋ ಔಷಧಿಯೂ ಬೇಡ. ಗುಂಡ ಬಿಸ್ಕತ್ ತಿಂತಾ ನಿಂತಿದ್ದ, ಐದು ನಿಮಿಷದ ಕೆಲಸ.

‘ನೋಡಿದ್ರೆ ಗೊತ್ತಾಗಲ್ವಾ ಡಾಕ್ಟ್ರೇ?’ ಅಂತ ಕೇಳಿದೆ. ‘ಗೊತ್ತಾಗತ್ತೆ ಅಂತ ನಾನೂ ಅಂದ್ಕೊಂಡಿದ್ದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ’ ಅಂದ್ರು ಆಕೆ.

ನಿಂಬೆಹಣ್ಣಿನಿಂದ ಬಂದದ್ದು ಎಣ್ಣೆಯ ಹನಿಯಂಥ ಬರೀ ಕೊಬ್ಬು. ಅಪಾಯವಿಲ್ಲದ ಲೈಪೋಮಾ. ನಾಲ್ಕು ತಿಂಗಳು ನಾನು ರಾತ್ರಿ ನಿದ್ದೆಗೆಟ್ಟದ್ದು ಅದಕ್ಕೆ! ನಾನು ಲೆಕ್ಕಕ್ಕೇ ತಗೊಳ್ಳದ ಸೊಳ್ಳೆಗುಳ್ಳೆಯಿಂದ ಬಂದದ್ದು ನೇರಳೆ ಬಣ್ಣದ ಕಾಳು ತುಂಬಿಕೊಂಡ ಜೀವಕೋಶಗಳು. ಮಾಸ್ಟ್ ಸೆಲ್ ಟ್ಯೂಮರ್, ನಾಯಿಗಳ ಚರ್ಮಕ್ಕೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಪಗ್, ಬಾಕ್ಸರ್, ಬಾಸ್ಟನ್ ಟೆರಿಯರ್, ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚು. ಆ ಕಾಳುಗಳಲ್ಲಿ ಇರೋದು ಹಿಸ್ಟಮೀನ್, ಅಂದ್ರೆ ಅಲರ್ಜಿಯಾದಾಗ ನಮ್ಮ ಮೈ ಕೆಂಪಗೆ ದದ್ದು ಏಳಿಸೋ ಅದೇ ವಸ್ತು. ಮುಟ್ಟಿದ್ರೆ, ತಿಕ್ಕಿದ್ರೆ ಅದು ಹೊರಗೆ ಬರತ್ತೆ, ಗಂಟು ಊದತ್ತೆ, ಆಮೇಲೆ ಇಳಿಯತ್ತೆ. ನಾನು ‘ವಾಸಿ ಆಗ್ತಿದೆ’ ಅಂತ ಸಂಭ್ರಮ ಪಟ್ಟಿದ್ದು ಆ ರೋಗದ ಲಕ್ಷಣಕ್ಕೇ. ಅರಿಶಿನದ್ದು ಏನೂ ತಪ್ಪಿರಲಿಲ್ಲ, ತಿಕ್ಕಿದ ಕೈಯದ್ದು ತಪ್ಪು.

ಹೆಸರು ಮೊದಲೇ ಗೊತ್ತಾದ್ರೆ ಆಗೋ ಉಪಯೋಗ ಏನಪ್ಪಾ ಅಂದ್ರೆ, ಎಷ್ಟು ಅಗಲ ಕತ್ತರಿಸಬೇಕು ಅನ್ನೋದು ಅದರ ಮೇಲೇ ನಿಂತಿದೆ. ಕೊಬ್ಬಿನ ಗಂಟನ್ನ ಹಲಸಿನ ತೊಳೆ ಬಿಡಿಸಿದ ಹಾಗೆ ಬಿಡಿಸಿ ತೆಗೀಬಹುದು. ಮಾಸ್ಟ್ ಸೆಲ್ ಆದ್ರೆ ಸುತ್ತಲಿನ ಒಳ್ಳೇ ಚರ್ಮವನ್ನೂ, ಕೆಳಗಿನ ಒಂದು ಪದರವನ್ನೂ ಸೇರಿಸಿ ತೆಗೀಬೇಕು. ವಾಡಿಕೆ ಸುತ್ತಲೂ 2ರಿಂದ 3 ಸೆಂಟಿಮೀಟರ್. ಚಿಕ್ಕ ಗಂಟಾದ್ರೆ ಅದರ ಅಗಲದಷ್ಟೇ ಅಂಚು ಬಿಡೋ ಪದ್ಧತಿಯೂ ಈಗ ಇದೆ. ಎಂಟು ಕೇಜಿ ನಾಯಿಯ ಕಾಲಿನ ಮೇಲೆ ಎಷ್ಟು ಚರ್ಮ ಇರತ್ತೆ ಹೇಳಿ? ದೊಡ್ಡ ನಾಯಿಗೆ ಆರು ತಿಂಗಳು ತಡವಾದ್ರೂ ಹೊಲಿಯೋಕೆ ಜಾಗ ಇರಬಹುದು. ಚಿಕ್ಕ ನಾಯಿಗೆ ಒಂದೊಂದು ಮಿಲಿಮೀಟರೂ ಲೆಕ್ಕವೇ.

ಗುಂಡನಿಗೆ ಆಪರೇಷನ್ ಆಯ್ತು. ತೆಗೆದ ಗಡ್ಡೆ ಲ್ಯಾಬಿಗೆ ಹೋಯ್ತು. ಇವಕ್ಕೆ ದರ್ಜೆ ಕೊಡೋ ಕ್ರಮಗಳಲ್ಲಿ ಹಳೆಯದೊಂದಕ್ಕೆ ಪಟ್ನಾಯಕ್ ಅಂತ ಹೆಸರು. 1984ರಲ್ಲಿ ಪಟ್ನಾಯಕ್ ಮತ್ತು ಸಂಗಡಿಗರು 83 ನಾಯಿಗಳ ಗಡ್ಡೆ ನೋಡಿ ಮೂರು ದರ್ಜೆ ಮಾಡಿದ್ರು. 2011ರಲ್ಲಿ ಇನ್ನೊಂದು ತಂಡ ಅದನ್ನ ಹೆಚ್ಚು, ಕಮ್ಮಿ ಅಂತ ಎರಡಕ್ಕೇ ಇಳಿಸಿತು. ರಿಪೋರ್ಟು ಓದ್ತಾ ಓದ್ತಾ ನಮ್ಮ ದೇಶದ ಹೆಸರು ಕಂಡಾಗ ಏನೋ ಒಂದು ಧೈರ್ಯ, ಅದಕ್ಕೆ ಅರ್ಥವಿಲ್ಲ ಅಂತ ಗೊತ್ತಿದ್ರೂ. ಗುಂಡನದು ಕಮ್ಮಿ ದರ್ಜೆ, ಅಂಚು ಸ್ವಚ್ಛ. ಪಗ್‌ಗಳಲ್ಲಿ ಹೆಚ್ಚಿನವು ಹೀಗೇ ಸೌಮ್ಯವಾದವಂತೆ, ಆದ್ರೆ ಮತ್ತೆ ಬೇರೆ ಜಾಗದಲ್ಲಿ ಹುಟ್ಟೋದೂ ಉಂಟಂತೆ.

*

ಇಷ್ಟು ಹೇಳಿದ್ರೆ ನಮ್ಮವರಲ್ಲಿ ಮೂರು ಮಾತು ಬರತ್ತೆ. ಮೂರೂ ನಾನೇ ಆಡಿದ ಮಾತುಗಳು.

ಮೊದಲನೇದು, ‘ಗಂಟನ್ನ ಕೆಣಕಬಾರದು, ಚುಚ್ಚಿದ್ರೆ ಹರಡತ್ತೆ.’ ಮೂತ್ರಕೋಶದ ಕೆಲವು ಗಡ್ಡೆಗಳ ವಿಷಯದಲ್ಲಿ ಡಾಕ್ಟರುಗಳೇ ಆ ಎಚ್ಚರ ವಹಿಸ್ತಾರೆ. ಚರ್ಮದ ಗಂಟಿನಲ್ಲಿ ಆ ಭಯ ತೀರಾ ಕಮ್ಮಿ. ಚುಚ್ಚಿದ ಜಾಗ ಸ್ವಲ್ಪ ಊದಬಹುದು, ಅದಕ್ಕೆ ಔಷಧಿ ಇದೆ. ಸೂಜಿ ಎಲ್ಲವನ್ನೂ ಹೇಳಿಬಿಡತ್ತೆ ಅಂತಲ್ಲ. ಕೆಲವೊಮ್ಮೆ ಬರೀ ರಕ್ತ ಬರತ್ತೆ, ಆಗ ತುಣುಕು ತೆಗೆದು ನೋಡಬೇಕಾಗತ್ತೆ.

ಎರಡನೇದು ದುಡ್ಡು. ಇದನ್ನ ಹಗುರವಾಗಿ ಹೇಳೋ ಹಾಗಿಲ್ಲ. ಡಾಕ್ಟರ ಫೀಸು, ಸೂಜಿ, ಲ್ಯಾಬು ಎಲ್ಲಾ ಸೇರಿ ನಮಗೆ 300 ಡಾಲರ್ ಚಿಲ್ಲರೆ, ಆಪರೇಷನ್ನಿಗೆ 3,000ದ ಹತ್ರ. ಅಮ್ಮ ರೂಪಾಯಿಗೆ ಗುಣಿಸಿ, ‘ಎರಡೂವರೆ ಲಕ್ಷವಾ? ನಾಯಿಗಾ?’ ಅಂತ ಸುಮ್ಮನಾದ್ಲು. ಆ ಮೌನಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಎಲ್ಲರೂ ಖರ್ಚು ಮಾಡಲೇಬೇಕು ಅಂತ ನಾನು ಹೇಳೋನಲ್ಲ. ಮುಂಚೆನೇ ಎಸ್ಟಿಮೇಟ್ ಕೇಳಿ, ಬರೆದು ಕೊಡ್ತಾರೆ. ‘ನನ್ನ ಕೈಲಿ ಇಷ್ಟೇ ಆಗೋದು, ಇಷ್ಟರಲ್ಲಿ ಏನು ಮಾಡಬಹುದು’ ಅಂತ ಕೇಳೋದ್ರಲ್ಲಿ ಅವಮಾನ ಇಲ್ಲ. ಆದ್ರೆ ಸೂಜಿಯೇ ಇದ್ದದ್ದರಲ್ಲಿ ಅಗ್ಗದ ಮೆಟ್ಟಿಲು. ಅದನ್ನ ಉಳಿಸೋಕೆ ಹೋದ್ರೆ ಮುಂದಿನ ಮೆಟ್ಟಿಲು ದುಬಾರಿಯಾಗತ್ತೆ. ಇನ್ಶೂರೆನ್ಸ್ ಆಮೇಲೆ ಮಾಡಿಸಿದ್ರಾಯ್ತು ಅಂತಿದ್ರೆ, ಮೊದಲೇ ಇದ್ದ ಗಂಟಿಗೆ ಅವರು ಸಾಮಾನ್ಯವಾಗಿ ಕಾಸು ಕೊಡಲ್ಲ.

ಮೂರನೇದು, ‘ಫೋಟೋ ಕಳಿಸಿದ್ರೆ ಸಾಕಲ್ವಾ?’ 2024ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಪಶುವೈದ್ಯರು ವೀಡಿಯೋದಲ್ಲೇ ಹೊಸ ಪ್ರಾಣಿಯನ್ನ ನೋಡಬಹುದು ಅಂತ ಕಾನೂನಾಗಿದೆ. ಒಳ್ಳೇದೇ. ಆದ್ರೆ ವೀಡಿಯೋದಲ್ಲಿ ಸೂಜಿ ಹಾಕೋಕೆ ಬರಲ್ಲವಲ್ಲ!

*

ನಿಜ ಹೇಳಬೇಕಂದ್ರೆ ನನ್ನನ್ನ ತಡೆದದ್ದು ಈ ಮೂರೂ ಅಲ್ಲ.

ನಮ್ಮ ಚಿಕ್ಕಮ್ಮ ಒಬ್ರಿದ್ರು. ಎದೆಯಲ್ಲಿನ ಗಂಟನ್ನ ಸೆರಗಿನಡಿ ಇಟ್ಕೊಂಡು ಒಂದೂವರೆ ವರ್ಷ ಸಂಸಾರ ಮಾಡಿದ್ರು. ಅಡಿಕೆ ಕೊಯ್ಲು ಮುಗೀಲಿ, ಮಗಳ ಮದುವೆ ಮುಗೀಲಿ, ನೋಡೋಣ ಅಂತ. ಬೆಂಗಳೂರಿನ ಕಿದ್ವಾಯಿಗೆ ಕರ್ಕೊಂಡು ಹೋದಾಗ ತಡವಾಗಿತ್ತು. ನಮ್ಮ ಕಡೆ ಕಿದ್ವಾಯಿ ಅನ್ನೋದು ಆಸ್ಪತ್ರೆಯ ಹೆಸರಲ್ಲ, ರೋಗದ ಹೆಸರು. ‘ಅವರಿಗೆ ಕಿದ್ವಾಯಿ ಅಂತೆ’ ಅಂದ್ರೆ ಮುಂದೆ ಯಾರೂ ಏನೂ ಕೇಳಲ್ಲ. ಆ ಹೆಸರಿನ ಹೆದರಿಕೆಯಿಂದಲೇ ಅಲ್ವಾ ಆಕೆ ತೋರಿಸದೇ ಇದ್ದದ್ದು? ಸಮುದ್ರ ದಾಟಿ ಬಂದು ಇಪ್ಪತ್ತು ವರ್ಷ ಆಯ್ತು, ಆ ಹೆದರಿಕೆ ನನ್ನ ಜೊತೆಗೇ ವಿಮಾನ ಹತ್ತಿದೆ ಅಂತ ಗೊತ್ತಾಗಿದ್ದು ಒಂದು ನಾಯಿಯ ತೊಡೆಯಿಂದ. ಹೆಸರು ಗೊತ್ತಾಗೋ ತನಕ ಅದು ಇಲ್ಲ ಅನ್ನೋ ಲೆಕ್ಕ. ಚಿಕ್ಕಮ್ಮನಿಗೆ ತನ್ನ ಮೈ ಬಗ್ಗೆ ತೀರ್ಮಾನ ಮಾಡೋ ಹಕ್ಕಾದ್ರೂ ಇತ್ತು. ಗುಂಡನ ಪರವಾಗಿ ಹೆದರಿಕೊಂಡು ಕೂತವನು ನಾನು.

ಹಾಗಂತ ಪ್ರತಿಯೊಂದು ಗುಳ್ಳೆಗೂ ತುರ್ತು ವಿಭಾಗಕ್ಕೆ ಓಡಿ ಅಂತಿಲ್ಲ. ಮೂರು ವರ್ಷದೊಳಗಿನ ಮರಿ ನಾಯಿಗಳಿಗೆ ಕೆಂಪು ಗುಂಡಿ ಥರ ಏಳೋ ಹಿಸ್ಟಿಯೋಸೈಟೋಮಾ ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನೇ ಹೋಗಿಬಿಡತ್ತೆ. ಕಾಯೋದೂ ಒಂದು ಚಿಕಿತ್ಸೆ, ಏನನ್ನ ಕಾಯ್ತಿದೀವಿ ಅಂತ ಗೊತ್ತಿದ್ರೆ. ಇಲ್ಲಿನ ಕ್ಯಾನ್ಸರ್ ತಜ್ಞೆ ಸೂ ಎಟಿಂಗರ್ ಅವರ ಒಂದು ಸರಳ ಸೂತ್ರ ಇದೆ: ಗಂಟು ಬಟಾಣಿಯಷ್ಟು, ಅಂದ್ರೆ ಸುಮಾರು 1 ಸೆಂಟಿಮೀಟರ್ ಇದ್ದು ಒಂದು ತಿಂಗಳಿಂದ ಇದ್ರೆ, ಸೂಜಿ ಹಾಕಿಸಿ. ನಾನು ಅದಕ್ಕೆ ನಮ್ಮನೆ ಬಾಲ ಒಂದು ಸೇರಿಸ್ತೀನಿ: ಅದಕ್ಕಿಂತ ಚಿಕ್ಕದಾದ್ರೂ, ಊದಿ ಇಳಿದು ಆಟ ಆಡ್ತಿದ್ರೆ ಬಿಡಬೇಡಿ. ಪಕ್ಕದಲ್ಲಿ ಒಂದು ಡೈಮ್ ನಾಣ್ಯ ಇಟ್ಟು ಫೋಟೋ ತೆಗೀರಿ, ಅದರ ಅಗಲ ಸುಮಾರು 18 ಮಿಲಿಮೀಟರ್. ತಾರೀಖು ಬರೀರಿ. ಮತ್ತೆ ಯಾವತ್ತು ನೋಡೋದು ಅಂತಾನೂ ಬರೀರಿ. ಡಾಕ್ಟರೇ ‘ನೋಡೋಣ’ ಅಂದ್ರೆ, ‘ಎಷ್ಟು ದಿನ? ಏನಾದ್ರೆ ವಾಪಸ್ ಬರಬೇಕು?’ ಅಂತ ಕೇಳದೆ ಬಾಗಿಲು ದಾಟಬೇಡಿ. ಸುಣ್ಣ, ಬೆಲ್ಲ, ಅರಿಶಿನ, ನಿಮ್ಮ ಡ್ರಾಯರಿನ ಮುಲಾಮು ಯಾವುದೂ ಬೇಡ. ನಾಯಿ ನೆಕ್ಕಿಬಿಡತ್ತೆ. ನೋವಾಗ್ತಿದೆ ಅಂತ ಮನುಷ್ಯರ ಐಬುಪ್ರೊಫೆನ್ ಅಂತೂ ಕೊಡಲೇಬೇಡಿ, ನಾಯಿಗೆ ಅದು ವಿಷ.

ನಮ್ಮನೆ ಫ್ರಿಜ್ಜಿನ ಮೇಲೆ ಈಗ ಮಗಳು ಬಿಡಿಸಿದ ಗುಂಡನ ಚಿತ್ರ ಇದೆ, ಎಡಕ್ಕೊಂದು ಬಲಕ್ಕೊಂದು. ಪಕ್ಕೆಯ ನಿಂಬೆಹಣ್ಣಿಗೆ ಒಂದು ಸೊನ್ನೆ, ತೊಡೆಯ ಹೊಲಿಗೆಗೆ ಒಂದು ಗೆರೆ. ಪ್ರತಿ ತಿಂಗಳ ಮೊದಲನೇ ಭಾನುವಾರ ಸ್ನಾನದ ಹೊತ್ತಿಗೆ ಮೂಗಿನಿಂದ ಬಾಲದವರೆಗೆ ಬೆರಳಾಡಿಸಿ ನೋಡ್ತೀವಿ. ಹೋದ ತಿಂಗಳು ಕಿವಿ ಹಿಂದೆ ಒಂದು ಚಿಕ್ಕ ಗಂಟು ಸಿಕ್ಕಿದೆ. ಅಕ್ಕಿಕಾಳಷ್ಟು. ಚಿತ್ರದಲ್ಲಿ ಹೊಸ ಸೊನ್ನೆ ಬಂದಿದೆ, ಪಕ್ಕದಲ್ಲಿ ತಾರೀಖೂ ಇದೆ.

ಹೋದ ವಾರ ಅಮ್ಮನಿಗೆ ಫೋನ್ ಮಾಡಿದಾಗ ಗುಂಡನ ಸಮಾಚಾರ ಎಲ್ಲಾ ಹೇಳಿ, ‘ನಿನ್ನ ಕುತ್ತಿಗೆ ಹತ್ರ ಒಂದಿತ್ತಲ್ಲ, ಅದನ್ನ ತೋರಿಸಿದ್ಯಾ?’ ಅಂದೆ. ‘ಅಯ್ಯೋ ಅದಾ, ಎಷ್ಟೋ ವರ್ಷದ್ದು, ನೋಡೋಣ ಬಿಡು’ ಅಂದ್ಲು.

‘ಯಾವತ್ತು?’ ಅಂದೆ. ಬರೋ ಗುರುವಾರ ಅಣ್ಣ ಕರ್ಕೊಂಡು ಹೋಗ್ತಾನೆ.